ಒಂದು ಸುತ್ತು ಹೋಗಿ ಬರುವ ಮಾತು

ಕಳೆದ ವರ್ಷ ಮಳೆಗಾಲದುದ್ದಕ್ಕೂ ನನ್ನ ಮೇಜಿನ ಮೇಲೆ 90 ಪುಟಗಳ ಒಂದು ಕೈಬರಹವಿತ್ತು. ಸ್ಪೇನಿನ ಕ್ಯಾಸ್ಟೀಲ್ ಸೀಮೆಯ ಒಂದು ಸಣ್ಣ ಊರಿನಲ್ಲಿ 1930ರ ಆಸುಪಾಸಿನಲ್ಲಿ ಹುಟ್ಟಿದ ಹೆಂಗಸೊಬ್ಬರು ತಮ್ಮ ಕೊನೆಗಾಲದಲ್ಲಿ ಬರೆದಿಟ್ಟುಹೋದ ಮನೆತನದ ನೆನಪುಗಳವು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಅವರ ಮೊಮ್ಮಕ್ಕಳಿಗೆ ಸ್ಪ್ಯಾನಿಷ್ ಓದಲು ಬಾರದು. ಅಜ್ಜಿ ಏನು ಬರೆದಿದ್ದಾರೆ ಎಂದು ತಿಳಿಯುವ ಆಸೆ ಅವರಿಗೆ ಹುಟ್ಟಿದ್ದು ಅಜ್ಜಿ ಹೋದ ಮೇಲೆ. ಯಾರಿಂದಲೋ ನನ್ನ ಹೆಸರು ಕೇಳಿ ಕಳಿಸಿದ್ದರು. ಅಚ್ಚಾಗುವ ಪುಸ್ತಕವಲ್ಲ, ಮನೆಯವರು ಓದಿ ಬೀರುವಿನಲ್ಲಿ ಇಟ್ಟುಕೊಳ್ಳುವಂಥದು. ಆದ್ದರಿಂದ ಊರಿನ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ನಾನು ಬರೆಯಹೊರಟಿರುವುದು ಆ ಬರಹದಲ್ಲಿ ಮತ್ತೆ ಮತ್ತೆ ಬರುವ, ಸುಮ್ಮನೆ ನಡೆದಾಡುವುದಕ್ಕೆ ಸಂಬಂಧಿಸಿದ ಕೆಲವು ಪದಗಳ ಬಗ್ಗೆ, ಮತ್ತು ಅವುಗಳನ್ನು ಇಂಗ್ಲಿಷಿಗೆ ಒಯ್ಯುವಾಗ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಮೊದಲ ಪುಟದಲ್ಲೇ ಒಂದು ಭಾನುವಾರದ ಸಂಜೆ ಇದೆ. ಅಪ್ಪ ಪತ್ರಿಕೆಯನ್ನು ಮಡಿಸಿಟ್ಟು, ಹ್ಯಾಟಿನ ಧೂಳು ಕೊಡವಿ, ‘ಪಸೇಯೊ’ಗೆ ಹೊರಡೋಣವೇ ಎಂದು ಕೇಳುತ್ತಾನೆ. ಅಮ್ಮ ಕನ್ನಡಿಯ ಮುಂದಿನಿಂದಲೇ, ಹೂಂ, ಒಂದು ‘ಬ್ವೆಲ್ತ’ ಹಾಕಿಕೊಂಡು ಬರೋಣ ಎನ್ನುತ್ತಾಳೆ. ಮೊದಲನೆಯದಕ್ಕೆ ನಾನು ಸ್ಟ್ರೋಲ್ ಎಂದು ಬರೆದೆ, ಎರಡನೆಯದಕ್ಕೆ ವಾಕ್ ಎಂದು ಬರೆದೆ. ಹತ್ತು ಪುಟ ಕಳೆದ ಮೇಲೆ ಇಂಥದೇ ಸಂಜೆ ಮತ್ತೊಂದು ಬಂದಾಗ ಅವೆರಡನ್ನೂ ಅದಲುಬದಲು ಮಾಡಿದೆ. ಒಂದೇ ಪದ ಹತ್ತಿರ ಹತ್ತಿರ ಎರಡು ಸಲ ಬಂದರೆ ಇಂಗ್ಲಿಷ್ ಓದುಗರ ಕಿವಿಗೆ ಒರಟಾಗಿ ಕೇಳಿಸುತ್ತದೆ ಎಂಬ ಪಾಠ ನನ್ನ ಕೈಗೆ ಎಷ್ಟೋ ವರ್ಷಗಳಿಂದ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ನಡಿಗೆಯ ಪದಗಳಿಗೆ ಬರವಿಲ್ಲ, ಇದ್ದುದನ್ನು ಬಳಸಿದರೆ ತಪ್ಪೇನು ಎಂದುಕೊಂಡೆ. ತಪ್ಪೇನೆಂದು ಗೊತ್ತಾದದ್ದು 61ನೆಯ ಪುಟದಲ್ಲಿ.

ಅಲ್ಲಿಗೆ ಹೋಗುವ ಮುನ್ನ ಇಂಗ್ಲಿಷಿನ ಆ ಸಿರಿಯ ಬಗ್ಗೆ ಒಂದು ಮಾತು. ಸ್ಟ್ರೋಲ್, ಸಾಂಟರ್, ಆಂಬಲ್, ರಾಂಬಲ್, ರೋಮ್, ವಾಂಡರ್, ಮಿಯಾಂಡರ್ ಎಂದು ಎಣಿಸುತ್ತ ಹೋದರೆ ಎರಡು ಕೈಯ ಬೆರಳು ಸಾಲುವುದಿಲ್ಲ. ಇವುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಹೆಜ್ಜೆಯ ವ್ಯತ್ಯಾಸ: ಎಷ್ಟು ನಿಧಾನ, ಎಷ್ಟು ಸಡಿಲ, ಎಷ್ಟು ಡೊಂಕು. ಮಿಯಾಂಡರ್ ಎಂಬ ಪದವಂತೂ ಈಗಿನ ಟರ್ಕಿಯಲ್ಲಿ ಹರಿಯುವ, ಮೈಯಾಂಡ್ರೋಸ್ ಎಂದು ಗ್ರೀಕರು ಕರೆಯುತ್ತಿದ್ದ ಒಂದು ಅಂಕುಡೊಂಕು ನದಿಯ ಹೆಸರು. ಸ್ಪ್ಯಾನಿಷಿನಲ್ಲೂ ಇಂಥ ಪದಗಳು ಕಡಿಮೆಯಿಲ್ಲ. ಆದರೆ ಅವು ಕಾಲನ್ನು ಅಷ್ಟಾಗಿ ನೋಡುವುದಿಲ್ಲ. ಎಲ್ಲಿ ನಡೆದರು, ಯಾರ ಜೊತೆ ನಡೆದರು, ಕೆಲಸವಿದ್ದು ನಡೆದರೋ ಇಲ್ಲದೆಯೋ, ನೋಡಿದವರು ಏನೆಂದುಕೊಂಡರು ಎಂಬುದರ ಮೇಲೆ ಅವುಗಳ ಕಣ್ಣು.

ಭಾಷಾವಿಜ್ಞಾನಿಗಳು ಇದಕ್ಕೆ ಒಂದು ಕಾರಣವನ್ನು ಕೊಡುತ್ತಾರೆ. ಲೆನರ್ಡ್ ಟಾಲ್ಮಿ ಎಂಬ ವಿದ್ವಾಂಸರು ಜಗತ್ತಿನ ಭಾಷೆಗಳು ಚಲನೆಯನ್ನು ಹೇಳುವ ಬಗೆಯನ್ನು ಎರಡಾಗಿ ವಿಂಗಡಿಸಿದರು. ಇಂಗ್ಲಿಷಿನಂಥ ಭಾಷೆಗಳಲ್ಲಿ ಕ್ರಿಯಾಪದವು ಚಲನೆಯ ರೀತಿಯನ್ನು ಹೇಳಿ, ಒಳಗೆ, ಹೊರಗೆ ಎಂಬ ದಿಕ್ಕನ್ನು ಪಕ್ಕದ ಒಂದು ಸಣ್ಣ ಪದಕ್ಕೆ ಬಿಡುತ್ತದೆ. ಸ್ಪ್ಯಾನಿಷಿನಂಥವುಗಳಲ್ಲಿ ದಿಕ್ಕೇ ಕ್ರಿಯಾಪದದ ಹೊಟ್ಟೆಯಲ್ಲಿರುತ್ತದೆ, ರೀತಿಯನ್ನು ಬೇಕಿದ್ದರೆ ಬೇರೆಯಾಗಿ ಸೇರಿಸಬೇಕು. ಹುಡುಗ ‘ರ್‍ಯಾನ್ ಇನ್’ ಎಂದು ಇಂಗ್ಲಿಷಿನಲ್ಲಿ ಹೇಳುವುದನ್ನು ಸ್ಪ್ಯಾನಿಷಿನವರು ‘ಎಂತ್ರೊ ಕೊರ್‍ಯೆಂದೊ’, ಅಂದರೆ ಓಡುತ್ತ ಒಳಹೊಕ್ಕ ಎನ್ನುತ್ತಾರೆ. ಕನ್ನಡದವರಾದ ನಾವೂ ಓಡುತ್ತ ಒಳಗೆ ಬಂದ ಎನ್ನುವವರೇ. ಡ್ಯಾನ್ ಸ್ಲೋಬಿನ್ ಎಂಬ ಮನೋಭಾಷಾವಿಜ್ಞಾನಿ ಎರಡೂ ಭಾಷೆಗಳ ಕಾದಂಬರಿಗಳನ್ನು ಅವುಗಳ ಅನುವಾದದ ಜೊತೆಗಿಟ್ಟು ಓದಿ, ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಹೋಗುವಾಗ ನಡಿಗೆಯ ರೀತಿ ದಾರಿಯಲ್ಲೇ ಉದುರಿಹೋಗುತ್ತದೆಂದೂ, ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಬರುವಾಗ ಅನುವಾದಕರು ಮೂಲದಲ್ಲಿಲ್ಲದ ರೀತಿಯನ್ನು ತಾವೇ ತುಂಬಿಬಿಡುತ್ತಾರೆಂದೂ ತೋರಿಸಿದರು. ಮೊದಲ ಪುಟದ ಸ್ಟ್ರೋಲ್‌ನಲ್ಲಿ ನಾನು ಮಾಡಿದ್ದು ಅದನ್ನೇ. ಆ ಅಪ್ಪ ನಿಧಾನವಾಗಿ ನಡೆದನೆಂದು ಆ ಹೆಂಗಸು ಎಲ್ಲಿಯೂ ಬರೆದಿರಲಿಲ್ಲ.

ಇನ್ನು ಪಸೇಯೊ. ಹೆಜ್ಜೆ ಎಂಬ ಅರ್ಥದ ‘ಪಾಸೊ’ದಿಂದ ಬಂದ ಈ ಪದಕ್ಕೆ ನಡಿಗೆ ಎಂಬುದು ಬರಿಯ ಸಿಪ್ಪೆ. ಸಂಜೆಯ ಪಸೇಯೊ ಎಂದರೆ ಊರಿಗೆ ಊರೇ ಒಂದು ಗೊತ್ತಾದ ಹೊತ್ತಿಗೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಒಂದು ಗೊತ್ತಾದ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುವುದು. ಎದುರಾದವರಿಗೆ ಮೊದಲ ಸಲ ನಿಂತು ಮಾತಾಡಿಸಿ, ಎರಡನೆಯ ಸಲ ತಲೆಯಾಡಿಸಿ, ಮೂರನೆಯ ಸಲ ಬರಿಯ ಕಣ್ಣಿನಲ್ಲಿ ನಗುವುದು. ಯಾರ ಮಗಳು ಯಾರ ಮಗನ ಪಕ್ಕದಲ್ಲಿ ನಡೆದಳು ಎಂಬುದನ್ನು ಊಟಕ್ಕೆ ಮುಂಚೆ ಎಲ್ಲರೂ ತಿಳಿದುಕೊಳ್ಳುವುದು. ಸಾಲಮಾಂಕದಲ್ಲಿ 1729ರಲ್ಲಿ ಕಟ್ಟಲು ತೊಡಗಿದ ದೊಡ್ಡ ಚೌಕವಿದೆ. ಅದರ ಕಮಾನುಗಳ ಕೆಳಗೆ ಹಿಂದೆ ಗಂಡಸರು ಒಂದು ದಿಕ್ಕಿನಲ್ಲೂ ಹೆಂಗಸರು ಅದಕ್ಕೆ ಎದುರು ದಿಕ್ಕಿನಲ್ಲೂ ಸುತ್ತುವ ಪದ್ಧತಿಯಿತ್ತು, ಪ್ರತಿ ಸುತ್ತಿನಲ್ಲೂ ಒಬ್ಬರಿಗೊಬ್ಬರು ಎರಡು ಸಲ ಎದುರಾಗಲಿ ಎಂದು. ಇಷ್ಟೊಂದು ಏರ್ಪಾಡು ಇರುವುದನ್ನು ಸ್ಟ್ರೋಲ್ ಎಂದರೆ, ನಮ್ಮ ತೇರನ್ನು ಬಂಡಿ ಎಂದ ಹಾಗೆ.

ಇದಕ್ಕೆ ಬೆಳಕೂ ಬೇಕಲ್ಲ. ಸ್ಪೇನ್ ಭೂಪಟದಲ್ಲಿ ಬಹುಪಾಲು ಗ್ರೀನಿಚ್‌ನ ಪಶ್ಚಿಮಕ್ಕಿದೆ. ಆದರೂ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಹೊತ್ತಿಗೆ ಹೊಂದಿಸಿತು, ಮತ್ತೆ ಹಿಂದಕ್ಕೆ ತಿರುಗಿಸಲಿಲ್ಲ. ಜೂನ್ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂ ಮುಕ್ಕಾಲು. ಊಟ ಹತ್ತು ಗಂಟೆಗೆ ಎನ್ನುವ ಆ ಜನರ ರೂಢಿ ಕೇಳಿ ನಗುವವರು ಈ ಗಡಿಯಾರದ ಕಥೆಯನ್ನೂ ಕೇಳಬೇಕು. ಪದವು ನಡೆಯುವ ಕೆಲಸಕ್ಕೆ ನಿಲ್ಲದೆ ನಡೆಯುವ ಜಾಗಕ್ಕೂ ಹಬ್ಬಿದೆ: ಮ್ಯಾಡ್ರಿಡ್‌ನ ಪಸೇಯೊ ದೆಲ್ ಪ್ರಾದೊ ಎಂಬ ಮರಸಾಲಿನ ಬೀದಿ 2021ರಲ್ಲಿ ಪಕ್ಕದ ರೆತೀರೊ ಉದ್ಯಾನದೊಂದಿಗೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾರ್ಸಿಲೋನಾದ ಹೆಸರಾಂತ ರಾಂಬ್ಲ ಬೀದಿಯ ಹೆಸರನ್ನು ಕೇಳಿದ ಇಂಗ್ಲಿಷ್ ಪ್ರವಾಸಿಗೆ ತನ್ನ ರಾಂಬಲ್ ನೆನಪಾಗುವುದು ಸಹಜ. ಎರಡಕ್ಕೂ ಯಾವ ನೆಂಟಸ್ತನವೂ ಇಲ್ಲ. ರಾಂಬ್ಲ ಎಂದರೆ ಅರಬ್ಬಿಯಿಂದ ಬಂದ, ಮರಳು ತುಂಬಿದ ಹಳ್ಳದ ಹೆಸರು.

ನನ್ನನ್ನು ಅತಿ ಹೆಚ್ಚು ದಿನ ಕಾಡಿದ ಪದ ‘ಕಯೆಹೆಯಾರ್’. ‘ಕಾಯೆ’ ಎಂದರೆ ಬೀದಿ. ಅದಕ್ಕೊಂದು ಕ್ರಿಯಾಪ್ರತ್ಯಯ ಹಚ್ಚಿ ಬೀದಿಯನ್ನೇ ಕ್ರಿಯೆ ಮಾಡಿಬಿಟ್ಟಿದ್ದಾರೆ. ಆ ಕಾಯೆ ಕೂಡ ಲ್ಯಾಟಿನ್ನಿನಲ್ಲಿ ದನಕರುಗಳು ತುಳಿದು ಮಾಡಿದ ಕಾಲುದಾರಿಯಾಗಿತ್ತು, ಆದ್ದರಿಂದ ಈ ಪದದ ತಳದಲ್ಲಿ ಒಂದು ಬಿಡಾಡಿ ದನ ಇದೆ ಎನ್ನಬಹುದು. ಕೆಲಸವಿಲ್ಲದೆ ಬೀದಿಯಿಂದ ಬೀದಿಗೆ ತಿರುಗುವುದು ಎಂಬುದು ನಿಘಂಟಿನ ಅರ್ಥ. ನಮ್ಮಲ್ಲಿ ಹಾಗೆ ತಿರುಗುವವನನ್ನು ಬೀದಿ ಬಸವ ಎನ್ನುತ್ತೇವಲ್ಲ, ಅದನ್ನು ನೆನೆದಾಗ ಎರಡು ಭಾಷೆಗಳ ದನಗಳೂ ಒಂದೇ ಬೀದಿಯಲ್ಲಿ ಎದುರಾದಂತಾಗಿ ನನಗೆ ನಗು ಬಂತು. ಈಗಿನ ಪ್ರವಾಸೀ ಬರಹಗಳಲ್ಲಿ ಈ ಪದಕ್ಕೆ ಒಳ್ಳೆಯ ಕಾಲ ಬಂದಿದೆ. ನಕ್ಷೆ ಮಡಿಸಿಟ್ಟು ಹಳೆಯ ಪೇಟೆಯ ಓಣಿಗಳಲ್ಲಿ ಕಳೆದುಹೋಗಿ ಎಂದು ಅಕ್ಕರೆಯಿಂದ ಹೇಳುವಾಗ ಅದನ್ನೇ ಬಳಸುತ್ತಾರೆ. ಅಲ್ಲಿ ವಾಂಡರ್ ದ ಸ್ಟ್ರೀಟ್ಸ್ ಎಂದರೆ ಸಾಕು.

ಆದರೆ ಕೈಬರಹದಲ್ಲಿ ಅದು ಬರುವುದು ಹದಿನೈದು ವರ್ಷದ ಹುಡುಗಿಗೆ ಅವಳ ಚಿಕ್ಕಮ್ಮ ಬೈಯುವಾಗ. ನೀನೊಬ್ಬಳು ‘ಕಯೆಹೇರ’ ಎನ್ನುತ್ತಾಳೆ. ಗಂಡಸಿಗೆ ಅಂದರೆ ಮುದ್ದಿನ ಗದರಿಕೆಯಾಗುವ ಮಾತು ಹೆಂಗಸಿಗೆ ಅಂದಾಗ ಚರ್ಮ ಸುಡುತ್ತದೆ. ಮಾನವಂತ ಹೆಂಗಸು ಕಾಲು ಮುರಿದು ಮನೆಯಲ್ಲಿರಬೇಕು ಎಂಬ ಗಾದೆ ಇರುವ ಭಾಷೆ ಅದು. ನೇರವಾಗಿ ಬೀದಿ ಮತ್ತು ನಡಿಗೆ ಎರಡನ್ನೂ ಇಂಗ್ಲಿಷಿನಲ್ಲಿ ಜೋಡಿಸಿದರೆ ಸ್ಟ್ರೀಟ್‌ವಾಕರ್ ಎಂದಾಗುತ್ತದೆ. ಅದು ವೇಶ್ಯೆಗೆ ಇಟ್ಟ ಹೆಸರು. ಚಿಕ್ಕಮ್ಮನ ಮಾತಿನಲ್ಲಿ ಆ ನೆರಳು ಇದೆ, ಆದರೆ ಆಕೆ ಅದನ್ನು ಹೇಳಲಿಲ್ಲ, ಹೇಳದೆ ಹೆದರಿಸಿದಳು. ಕನ್ನಡಕ್ಕೆ ತರುವುದಾಗಿದ್ದರೆ ‘ಬೀದಿ ಸುತ್ತೋಳು’ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತಿದ್ದೆ, ಅದೇ ಗದರಿಕೆ, ಅದೇ ನೆರಳು, ಅದೇ ಚಿಕ್ಕಮ್ಮ. ಇಂಗ್ಲಿಷಿನಲ್ಲಿ ಮೂರು ದಿನ ತಡಕಾಡಿ, ಸುಮ್ಮನೆ ಅಲ್ಲಿ ಇಲ್ಲಿ ತಿರುಗುವವರಿಗೆ ಹೇಳುವ ಗ್ಯಾಡಬೌಟ್ ಎಂಬ ಹಳೆಯ ಪದಕ್ಕೆ ಇಳಿದೆ. ಗದರಿಕೆ ಉಳಿಯಿತು, ನೆರಳು ಹೋಯಿತು. ಈಗಲೂ ಅದರ ಬಗ್ಗೆ ನನಗೆ ಸಮಾಧಾನವಿಲ್ಲ.

ತಿರುಗಾಟವನ್ನು ಅನುಮಾನಿಸುವುದರಲ್ಲಿ ಸ್ಪ್ಯಾನಿಷ್ ಒಂಟಿಯೇನಲ್ಲ. ‘ಬಾಗೊ’ ಎಂಬ ಪದಕ್ಕೆ ಅಲೆಯುವವನು ಎಂಬ ಅರ್ಥ ಹಳೆಯದು, ಸೋಮಾರಿ ಎಂಬುದು ಇಂದಿನ ದಿನಬಳಕೆಯದು. 1933ರಲ್ಲಿ ಸ್ಪೇನಿನ ಗಣರಾಜ್ಯ ಮಾಡಿದ ಒಂದು ಕಾನೂನಿನ ಹೆಸರಿನಲ್ಲೇ ಬಾಗೊಗಳನ್ನೂ ದುಷ್ಕರ್ಮಿಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಫ್ರಾಂಕೊ ಅದನ್ನು ಉಳಿಸಿಕೊಂಡು 1954ರಲ್ಲಿ ಸಲಿಂಗಕಾಮಿಗಳನ್ನೂ ಅದರೊಳಗೆ ಎಳೆದುಕೊಂಡ. ಇಂಗ್ಲೆಂಡಿನಲ್ಲಿ ಅಲೆಯುವವರನ್ನು ಅಪರಾಧಿಗಳೆಂದ 1824ರ ವೇಗ್ರನ್ಸಿ ಕಾಯಿದೆ ಇತ್ತು. ಅದೇ ಇಂಗ್ಲಿಷರು 1871ರಲ್ಲಿ ಇಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಊರೂರು ಅಲೆದು ಬದುಕುತ್ತಿದ್ದ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಗುರುತು ಹಾಕಿ, 1952ರವರೆಗೆ ಬಿಡಲಿಲ್ಲ. ನಮ್ಮ ಅಲೆಮಾರಿ ಎಂಬ ಪದದ ಸುತ್ತ ಇಂದಿಗೂ ಸುಳಿಯುವ ಸಂಶಯದ ಒಂದು ಪಾಲು ಅಲ್ಲಿಯದು.

‘ಅಂದಾರ್’ ಎಂಬ ಸರಳ ನಡೆಯುವಿಕೆಯಲ್ಲಿ ಮಾತ್ರ ಈ ಕೊಳೆ ಇಲ್ಲ. ತಾನೊಬ್ಬ ವೀರನೆಂದು ಭ್ರಮಿಸಿ ಮನೆಬಿಟ್ಟು ಹೊರಟ ಡಾನ್ ಕಿಹೋಟೆಯನ್ನು (ಇಂಗ್ಲಿಷಿನವರ ಡಾನ್ ಕ್ವಿಕ್ಸೋಟ್) 1605ರ ತನ್ನ ಕಾದಂಬರಿಯಲ್ಲಿ ಸೆರ್ವಾಂತೆಸ್ ಕರೆದದ್ದು ‘ಕಬಯೇರೊ ಅಂದಾಂತೆ’ ಎಂದು, ನಡೆಯುವ ವೀರ ಎಂದು, ಆತ ಇಡೀ ಕಥೆಯಲ್ಲಿ ಕುದುರೆಯ ಮೇಲಿದ್ದರೂ. ಇಂಗ್ಲಿಷಿನಲ್ಲಿ ಮೊದಲೇ ರೂಢಿಯಲ್ಲಿದ್ದ ನೈಟ್ ಎರಂಟ್ ಎಂಬ ನುಡಿಗಟ್ಟು ಅವನಿಗೆ ಅಂಟಿಕೊಂಡಿತು. ಆ ಎರಂಟ್ ಪ್ರಯಾಣ ಮಾಡು ಎಂಬ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಆದರೆ ತಪ್ಪು ಮಾಡು ಎಂಬ ಅರ್ಥದ ಎರ್ ಅದರ ಪಕ್ಕದಲ್ಲೇ ಕೂತು ಎರಡೂ ಕಲಸಿಹೋದವು. ಹೀಗಾಗಿ ಸ್ಪ್ಯಾನಿಷಿನಲ್ಲಿ ನಡೆಯುತ್ತಿದ್ದವನು ಇಂಗ್ಲಿಷಿಗೆ ಬಂದಾಗ ದಾರಿ ತಪ್ಪಿದವನೂ ಆದ. ಆ ಮನುಷ್ಯನ ವಿಷಯದಲ್ಲಿ ಇದು ಅನುವಾದಕನಿಗೆ ಕೂತಲ್ಲೇ ಸಿಕ್ಕ ಲಾಭ.

‘ರೊಮೆರಿಯ’ ಎಂಬ ಪದಕ್ಕೆ ಇಂಗ್ಲಿಷ್ ಕೈಚೆಲ್ಲುತ್ತದೆ, ಕನ್ನಡ ಕೈಚೆಲ್ಲುವುದಿಲ್ಲ. ರೋಮಿಗೆ ಯಾತ್ರೆ ಹೋಗುವವನು ರೊಮೇರೊ. ಅವನ ಯಾತ್ರೆ ರೊಮೆರಿಯ. ರೋಮ್ ದೂರವಾಯಿತು, ಊರಾಚೆಯ ಗುಡಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಹರಕೆ ಸಲ್ಲಿಸಿ, ಮರದ ಕೆಳಗೆ ತಿಂದು ಕುಡಿದು ಕುಣಿದು ಬರುವುದಕ್ಕೆ ಹೆಸರು ಉಳಿಯಿತು. ಪಿಲ್ಗ್ರಿಮೇಜ್ ಎಂದರೆ ಊಟ ಹೋಗುತ್ತದೆ, ಪಿಕ್ನಿಕ್ ಎಂದರೆ ದೇವರು ಹೋಗುತ್ತಾಳೆ. ಯಾತ್ರೆ ಎಂಬುದು ನಮ್ಮ ನಾಲಿಗೆಯಲ್ಲಿ ಜಾತ್ರೆಯಾಗಿ, ಹೋಗುವ ದಾರಿಯ ಹೆಸರು ಸೇರಿದ ಜನದ ಹೆಸರಾದದ್ದನ್ನು ನೆನಪಿಸಿಕೊಂಡರೆ ಇದು ಅದರ ಅವಳಿ.

61ನೆಯ ಪುಟ 1936ರ ಬೇಸಗೆಯದು. ಅಂತರ್ಯುದ್ಧ ಶುರುವಾಗಿ ಕೆಲವೇ ವಾರಗಳಾಗಿವೆ. ಬರೆದವರಿಗೆ ಆಗ ಐದಾರು ವರ್ಷ. ಅಮ್ಮನ ತಮ್ಮ, ಶಾಲೆಯ ಮೇಷ್ಟ್ರು, ಅವರ ಮನೆಯಲ್ಲೇ ಇದ್ದ. ಒಂದು ರಾತ್ರಿ ಬಾಗಿಲು ಬಡಿದ ಸದ್ದು, ಹೊರಗೆ ಕಾರಿನ ಸದ್ದು. ಮುಂದಿನ ವಾಕ್ಯದಲ್ಲಿ ಕೊಂದರು ಎಂಬ ಕ್ರಿಯಾಪದವಿಲ್ಲ. ‘ಲೆ ದಿಯೆರೊನ್ ಎಲ್ ಪಸೇಯೊ’ ಎಂದಿದೆ. ಪದಕ್ಕೆ ಪದ ಇಟ್ಟರೆ, ಅವನಿಗೆ ಪಸೇಯೊ ಕೊಟ್ಟರು. ಆ ತಿಂಗಳುಗಳಲ್ಲಿ ಎರಡೂ ಪಕ್ಷದವರು, ರಾತ್ರಿ ಮನೆಯಿಂದಲೋ ಸೆರೆಮನೆಯಿಂದಲೋ ಜನರನ್ನು ಎತ್ತಿ ವಾಹನದಲ್ಲಿ ಊರಾಚೆಗೆ ಒಯ್ದು, ವಿಚಾರಣೆಯಿಲ್ಲದೆ ಗುಂಡಿಕ್ಕಿ, ರಸ್ತೆ ಬದಿಯಲ್ಲೋ ಸ್ಮಶಾನದ ಗೋಡೆಯ ಬಳಿಯಲ್ಲೋ ಬಿಟ್ಟುಹೋಗುತ್ತಿದ್ದುದಕ್ಕೆ ಇದೇ ಹೆಸರು. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾನನ್ನು ಆ ಆಗಸ್ಟಿನಲ್ಲಿ ಗ್ರನಾಡಾದ ಹತ್ತಿರ, ಬೀಸ್ನಾರ್ ಮತ್ತು ಅಲ್ಫಕಾರ್ ಎಂಬ ಹಳ್ಳಿಗಳ ನಡುವೆ, ಹೀಗೆಯೇ ಕೊಂದರು; ಆತನ ದೇಹ ಇನ್ನೂ ಸಿಕ್ಕಿಲ್ಲ. ಸುತ್ತಾಡಲು ಹೋಗುವುದಕ್ಕೂ ಇದಕ್ಕೂ ಸ್ಪ್ಯಾನಿಷಿನಲ್ಲಿ ಇರುವ ಅಂತರ ಒಂದು ಉಪಪದದ್ದು ಮಾತ್ರ: ‘ಉನ್ ಪಸೇಯೊ’ ಎಂದರೆ ಒಂದು ತಿರುಗಾಟ, ‘ಎಲ್ ಪಸೇಯೊ’ ಎಂದು ಯಾರಿಗಾದರೂ ಕೊಟ್ಟರೆ ಅವನು ಹಿಂದಿರುಗುವುದಿಲ್ಲ. ನಾಯಿಯನ್ನು ತಿರುಗಾಡಿಸುವುದಕ್ಕೆ ಬಳಸುವ ಕ್ರಿಯಾಪದವನ್ನೇ ಮನುಷ್ಯರ ಮೇಲೆ ಹಾಕಿ, ಅವನನ್ನು ತಿರುಗಾಡಿಸಿದರು ಎಂದೂ ಹೇಳುತ್ತಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೆ ಸಿದ್ಧವಾದ ಮಾತೊಂದಿದೆ, ಅಮೆರಿಕದ ಗೂಂಡಾಗಳ ನಾಲಿಗೆಯಿಂದ 1920ರ ದಶಕದಲ್ಲಿ ಹಬ್ಬಿದ್ದು: ಟೇಕನ್ ಫಾರ್ ಎ ರೈಡ್. ಅರ್ಥ ಕರಾರುವಾಕ್ಕಾಗಿ ಕೂಡುತ್ತದೆ, ಕಾರೂ ಇದೆ. ಆದರೂ ಬರೆದ ಮೇಲೆ ಒಪ್ಪಿಗೆಯಾಗಲಿಲ್ಲ. ಇಂದಿನ ಇಂಗ್ಲಿಷ್ ಓದುಗನಿಗೆ ಆ ಮಾತು ಯಾರೋ ಮೋಸ ಮಾಡಿದರು ಎಂದಷ್ಟೇ ಕೇಳುತ್ತದೆ; ಮೇಲೆ ಗೂಂಡಾಗಳ ಷಿಕಾಗೋದ ವಾಸನೆ ಬೇರೆ. ಅದಕ್ಕಿಂತ ಮುಖ್ಯವಾಗಿ, ಆ ಪ್ಯಾರಾದ ಕೊನೆಯಲ್ಲಿ ಒಂದು ಸಣ್ಣ ವಾಕ್ಯವಿತ್ತು. ಅಂದಿನಿಂದ ಅಮ್ಮ ಪಸೇಯೊ ಎಂಬ ಪದವನ್ನು ಮತ್ತೆ ಆಡಲಿಲ್ಲ, ಅದನ್ನು ನಾನು ಗಮನಿಸಿದ್ದು ಆಕೆ ತೀರಿಹೋದ ಮೇಲೆ, ಎಂದು.

ಕೈಬರಹವನ್ನು ಮೊದಲಿನಿಂದ ತಿರುವಿ ಹಾಕಿದೆ. ಪಸೇಯೊ ಎಂದು ಹೇಳುವವನು ಪ್ರತಿ ಸಲವೂ ಅಪ್ಪ, ನೆರೆಮನೆಯವರು, ಅಂಗಡಿಯವನು. ಅಮ್ಮನ ಬಾಯಲ್ಲಿ ಪ್ರತಿ ಸಲವೂ ಬ್ವೆಲ್ತ. ಅಪ್ಪ ಕೇಳುತ್ತಾನೆ, ಆಕೆ ಒಪ್ಪುತ್ತಾಳೆ, ಒಪ್ಪುವಾಗಲೇ ಪದವನ್ನು ಮಾತ್ರ ಬದಲಿಸುತ್ತಾಳೆ. ಬರೆದವರು ತಮಗೆ ಗೊತ್ತಿದ್ದೂ ಅದನ್ನು ಅಲ್ಲಲ್ಲಿ ಸುಮ್ಮನೆ ಬಿತ್ತಿ 61ನೆಯ ಪುಟದವರೆಗೆ ಕಾದಿದ್ದರು. ನಾನು ಸೊಗಸಿಗೆಂದು ಸ್ಟ್ರೋಲನ್ನೂ ವಾಕನ್ನೂ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಮಾಡಿ ಆ ಬೀಜವನ್ನೆಲ್ಲ ಗುಡಿಸಿಹಾಕಿದ್ದೆ.

ಬ್ವೆಲ್ತ ಎಂದರೆ ಸುತ್ತು, ತಿರುವು. ಮರಳು ಎಂಬ ಅರ್ಥದ ‘ಬೊಲ್ಬೇರ್’ ಕ್ರಿಯಾಪದದಿಂದ ಬಂದದ್ದು. ಅಂಗಡಿಯಲ್ಲಿ ಹಿಂದಕ್ಕೆ ಕೊಡುವ ಚಿಲ್ಲರೆಯೂ ಬ್ವೆಲ್ತವೇ, 1935ರಿಂದ ಸ್ಪೇನನ್ನು ಸುತ್ತಿಬರುವ ಸೈಕಲ್ ಪಂದ್ಯವೂ ಬ್ವೆಲ್ತವೇ. ಒಂದು ಸುತ್ತು ಹೋಗಿಬರೋಣ ಎಂದು ನಾವು ಹೇಳುವುದರಲ್ಲೂ ಅದೇ ಬಳೆಯಿದೆ: ಹೊರಟಲ್ಲಿಗೇ ಬಂದು ಮುಟ್ಟುವುದು. ಮಂಗಳೂರು ಕಡೆಯ ಯಕ್ಷಗಾನ ಮೇಳಗಳು ತಿರುಗಾಟ ಎನ್ನುವಾಗಲೂ, ಆ ವರ್ಷದ ಆಟಗಳು ಮುಗಿಯುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಲು ಮನೆಗೆ ಮರಳುವುದು ಅದರಲ್ಲಿ ಸೇರಿಯೇ ಇರುತ್ತದೆ. ಇಂಗ್ಲಿಷಿನ ಗೋ ಫಾರ್ ಎ ವಾಕ್ ಎಂಬುದರಲ್ಲಿ ಹೋಗುವುದಷ್ಟೇ ಇದೆ. ಆದರೆ ಎರಡು ಶತಮಾನದ ಹಿಂದೆ ಅವರಿಗೂ ಈ ಮಾತು ಇತ್ತು. ಜೇನ್ ಆಸ್ಟಿನ್ ಕಾಲದ ಹೆಂಗಸರು ಕೋಣೆಯಲ್ಲೋ ತೋಟದಲ್ಲೋ ಟೇಕ್ ಎ ಟರ್ನ್ ಮಾಡುತ್ತಿದ್ದರು. ಈಗ ಅದು ಬಳಕೆ ತಪ್ಪಿದೆ, ಸರದಿ ಎಂಬ ಅರ್ಥ ಬಂದು ಅದರ ಮೇಲೆ ಕೂತಿದೆ.

ಪಸೇಯೊವನ್ನು ಎಲ್ಲ ಕಡೆಯೂ ಸ್ಪ್ಯಾನಿಷಿನಲ್ಲೇ ಬಿಟ್ಟೆ. ಇಂಗ್ಲಿಷ್ ನಿಘಂಟುಗಳಲ್ಲಿ ಅದು ಈಗಾಗಲೇ ಇದೆ, ಮೊದಲ ಪುಟದ ಭಾನುವಾರವೇ ಅದರ ಅರ್ಥವನ್ನು ಓದುಗನಿಗೆ ಕಲಿಸಿಕೊಡುತ್ತದೆ; ಹಾಗೆ ಅರವತ್ತು ಪುಟ ಅದರೊಂದಿಗೆ ಸಂಜೆಗಳನ್ನು ಕಳೆದವನಿಗೆ ಆ ರಾತ್ರಿಯಲ್ಲಿ ಅದೇ ಪದ ಎದುರಾಗಬೇಕು. ಅಮ್ಮನ ಬ್ವೆಲ್ತಕ್ಕೆ ಎಲ್ಲ ಕಡೆಯೂ ಟೇಕ್ ಎ ಟರ್ನ್ ಎಂದು ಬರೆದೆ, ಒಂದೇ ಒಂದು ಕಡೆಯೂ ಬದಲಿಸದೆ. ಓದಲು ಮುಗ್ಗರಿಸುತ್ತದೆ, ಗೊತ್ತಿದೆ. ಕೊನೆಯ ಪುಟದಲ್ಲಿ ಎಂಬತ್ತು ದಾಟಿದ ಆಕೆ ಕೋಲು ಹಿಡಿದು ಬಾಗಿಲಲ್ಲಿ ನಿಂತು, ಒಂದು ಸುತ್ತು ಹೋಗಿ ಬರುತ್ತೇನೆ ಎನ್ನುವಲ್ಲಿಯೂ ಅದನ್ನೇ ಇಟ್ಟೆ.

ಕರಡು ಓದಿದ ಮೊಮ್ಮಗಳು ಮೊದಲ ಪುಟದಲ್ಲಿ ಆ ಮಾತಿನ ಕೆಳಗೆ ಗೆರೆ ಎಳೆದು, ಈಗ ಯಾರಾದರೂ ಹೀಗೆ ಮಾತಾಡುತ್ತಾರೆಯೇ ಎಂದು ಅಂಚಿನಲ್ಲಿ ಕೇಳಿದ್ದಳು. ಅದರ ಪಕ್ಕದಲ್ಲಿ 61ನೆಯ ಪುಟ ನೋಡಿ ಎಂದಷ್ಟೇ ಬರೆದು ಹಿಂದಕ್ಕೆ ಕಳಿಸಿದೆ.